ಪಿಗ್ಮಿ ಚೀಲ ಹೊತ್ತವರು

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳ ಹಾಕಿ ಒಂದು ಸಂಸ್ಥೆ ಶುರು ಮಾಡಿದರು. ಒಬ್ಬರು ವ್ಯಾಪಾರಿ, ಉಪೇಂದ್ರ ಅನಂತ ಪೈ. ಇನ್ನೊಬ್ಬರು ಎಂಜಿನಿಯರ್, ವಾಮನ ಕುಡ್ವ. ಮೂರನೆಯವರು ಉಪೇಂದ್ರ ಪೈಗಳ ತಮ್ಮ, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ್ದ ಡಾ. ಟಿ.ಎಂ.ಎ. ಪೈ. ಸಂಸ್ಥೆಗೆ ಇಟ್ಟ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ಬಂಡವಾಳಕ್ಕೆ ಹೋಲಿಸಿದರೆ ಹೆಸರು ಸ್ವಲ್ಪ ಹೆಚ್ಚೇ ಉದ್ದ. ಕೈಮಗ್ಗದ ಕಸುಬು ಕುಸಿದು ಕಷ್ಟಕ್ಕೆ ಸಿಕ್ಕಿದ್ದ ಸುತ್ತಮುತ್ತಲಿನ ನೇಕಾರರಿಗೆ ಸಾಲ ಕೊಟ್ಟು ಎತ್ತಿ ನಿಲ್ಲಿಸಬೇಕೆಂಬುದು ಮೊದಲ ಉದ್ದೇಶವಾಗಿತ್ತು. ನಲವತ್ತನಾಲ್ಕು ವರ್ಷಗಳ ನಂತರ, 1969ರ ಜುಲೈ 19ರಂದು, 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ ಹದಿನಾಲ್ಕು ಬ್ಯಾಂಕುಗಳನ್ನು ಇಂದಿರಾ ಗಾಂಧಿ ಸರಕಾರ ರಾಷ್ಟ್ರೀಕರಣ ಮಾಡಿತು. ಆ ಪಟ್ಟಿಯಲ್ಲಿ ಇದೂ ಇತ್ತು. ಅಷ್ಟರಲ್ಲಿ ಇದರ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದಾಗಿತ್ತು.

ಈ ಕಥೆಯನ್ನು ನಮ್ಮ ಕಡೆಯವರು ಸಾಮಾನ್ಯವಾಗಿ ಪೈ ಕುಟುಂಬದ ಕಥೆಯಾಗಿ ಹೇಳುತ್ತಾರೆ. ಮಣಿಪಾಲದ ಬೋಳುಗುಡ್ಡ, ಅಲ್ಲಿ ಎದ್ದ ಕಾಲೇಜುಗಳು, ಆಸ್ಪತ್ರೆ ಇತ್ಯಾದಿ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಸಪೋರ್ಟ್ ತಂಡಗಳನ್ನು ಕಟ್ಟುವ, ನಡೆಸುವ, ಕೆಲವೊಮ್ಮೆ ಮುಚ್ಚುವ ಕೆಲಸದಲ್ಲೇ ಸಂಬಳ ಎಣಿಸುತ್ತಿರುವ ನನಗೆ ಬೇರೆಯದೇ ಒಂದು ಪ್ರಶ್ನೆ ಕಾಡುತ್ತದೆ. 8,000 ರೂಪಾಯಿಯ ಅಂಗಡಿ 50 ಕೋಟಿ ದಾಟುವಾಗ ನಡುವಿನ ದಾರಿಯಲ್ಲಿ ನಡೆದವರು ಯಾರು? ನಡೆದವರು ಎಂದರೆ ಅಕ್ಷರಶಃ ಕಾಲ್ನಡಿಗೆಯಲ್ಲಿ ನಡೆದವರು.

ಮೊದಲು ಆ ಜಿಲ್ಲೆಯನ್ನು ನೋಡಬೇಕು. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಉಡುಪಿಗೆ ಬರಲು ಕೊಂಕಣ ರೈಲ್ವೆಯವರೆಗೆ, ಎಂದರೆ 1990ರ ದಶಕದವರೆಗೆ ಕಾಯಬೇಕಾಯಿತು. ಹತ್ತು ಹದಿನೈದು ಕಿಲೋಮೀಟರಿಗೊಂದು ಹೊಳೆ. ಮಳೆಗಾಲದ ನಾಲ್ಕು ತಿಂಗಳು ಪೇಟೆಗೆ ಹೋಗಿಬರುವುದೇ ಒಂದು ಕೆಲಸ. ಅಂಥ ಜಿಲ್ಲೆಯಲ್ಲಿ ಬ್ಯಾಂಕು ಹುಟ್ಟಿದ ವೇಗ ನೋಡಿ: 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಮುಂದೆ ಅದೇ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ನಾವು ಮಾತಾಡುತ್ತಿರುವ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಹಾಜಿ ಅಬ್ದುಲ್ಲಾರ ಬ್ಯಾಂಕಿನಲ್ಲಿ ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಈ ಅಂಕಿಯನ್ನು ಆ ಬ್ಯಾಂಕಿನವರು ನೂರು ವರ್ಷಗಳ ನಂತರವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಹೀಗಾಗಿ 1925ರ ಹೊತ್ತಿಗೆ ಉಡುಪಿಯಲ್ಲಿ ಮತ್ತೊಂದು ಬ್ಯಾಂಕು ಎಂದರೆ ಆಗಲೇ ಇದ್ದ ಅಂಗಡಿಯ ಪಕ್ಕದಲ್ಲಿ ಇನ್ನೊಂದು ಅಂಗಡಿ. ದುಡ್ಡಿದ್ದವರು ತಮಗೆ ಗೊತ್ತಿದ್ದ ಕಡೆ, ತಮ್ಮವರು ಇದ್ದ ಕಡೆ ಆಗಲೇ ಇಟ್ಟಿದ್ದರು. ಸಾಲ ಕೇಳುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ, ಠೇವಣಿ ಇಡುವವರು ಸಿಗುವುದಿಲ್ಲ. ಸಣ್ಣ ಬ್ಯಾಂಕಿನ ಮುಖ್ಯ ಕಷ್ಟವೇ ಇದು. ಎಂಟು ಸಾವಿರ ರೂಪಾಯಿಯನ್ನು ನೇಕಾರರಿಗೆ ಹಂಚಿದರೆ ಎಷ್ಟು ಮಂದಿಗೆ ಬಂದೀತು? ಹಂಚಿ ಮುಗಿದ ಮೇಲೆ?

ಉತ್ತರ ಬಂದದ್ದು 1928ರಲ್ಲಿ. ಆ ವರ್ಷವೇ ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿಯ ಆಚೆ, ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆದರು. ಆದರೆ ಶಾಖೆಗಿಂತ ದೊಡ್ಡ ಸಂಗತಿ ಎಂದರೆ ಅದೇ ವರ್ಷ ಶುರುವಾದ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆಯಾದರೂ ಸಾಕು, ಬ್ಯಾಂಕಿಗೆ ಬರಬೇಕಾಗಿಲ್ಲ, ನಮ್ಮ ಮನುಷ್ಯ ನಿಮ್ಮ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ಯೋಜನೆ ಇಷ್ಟೇ. ಪಿಗ್ಮಿ ಎಂದರೆ ಕುಳ್ಳ ಎಂಬ ಇಂಗ್ಲಿಷ್ ಪದವನ್ನು ಠೇವಣಿಗೆ ಅಂಟಿಸಿದವರಿಗೆ ಇದು ಮುಂದೆ ಕನ್ನಡದ್ದೇ, ತುಳುವಿನದೇ ಶಬ್ದದಂತೆ ಊರೂರಿನ ಬಾಯಲ್ಲಿ ಕೂರುತ್ತದೆ ಎಂದು ಅನಿಸಿರಲಾರದು. ನಮ್ಮಲ್ಲಿ ಈಗಲೂ 'ಪಿಗ್ಮಿ ಕಟ್ಟುವುದು' ಎನ್ನುತ್ತಾರೆ, ಶಾಲೆಯ ಫೀಸು ಕಟ್ಟುವ ಹಾಗೆ.

ಲೆಕ್ಕ ಹಾಕುವುದು ನನ್ನ ಕಸುಬಿನ ಚಟ, ಸಹಿಸಿಕೊಳ್ಳಿ. ದಿನಕ್ಕೆ ಎರಡಾಣೆ ಎಂದರೆ ಮೂವತ್ತು ದಿನಕ್ಕೆ 60 ಆಣೆ, ಎಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಕೂಲಿಯವನಿಗೆ, ಮೀನು ಮಾರುವವಳಿಗೆ, ಗೂಡಂಗಡಿಯವನಿಗೆ ಒಟ್ಟಿಗೆ ಎಂದೂ ಕೈಗೆ ಸಿಗದಂಥ ಮೊತ್ತ. ಈಗ ಇದನ್ನೇ ಬ್ಯಾಂಕಿನ ಕಡೆಯಿಂದ ನೋಡಿ. ಒಬ್ಬ ಏಜೆಂಟನಿಗೆ ನೂರು ಮನೆ, ಅಂಗಡಿ ಎಂದು ಹಿಡಿಯೋಣ. ಎಲ್ಲರೂ ಕನಿಷ್ಠ ಮೊತ್ತವನ್ನೇ ಕೊಟ್ಟರೂ ದಿನಕ್ಕೆ 12 ರೂಪಾಯಿ 8 ಆಣೆ, ತಿಂಗಳಿಗೆ 375 ರೂಪಾಯಿ. ಅಂಥ ಇಪ್ಪತ್ತು ಮಂದಿ ಏಜೆಂಟರಿದ್ದರೆ ತಿಂಗಳಿಗೆ 7,500. ಎಂದರೆ ಮೂವರು ಸ್ಥಾಪಕರು ಸೇರಿ ಹಾಕಿದ ಮೂಲ ಬಂಡವಾಳಕ್ಕೆ ಹತ್ತಿರ ಹತ್ತಿರದಷ್ಟು ಹಣ ಪ್ರತಿ ತಿಂಗಳೂ ಚೀಲದಲ್ಲಿ ತೂಗಾಡುತ್ತ ಬರುತ್ತದೆ. ಅದರಲ್ಲೂ ಇದು ಶ್ರೀಮಂತನ ಠೇವಣಿಯ ಹಾಗಲ್ಲ. ದೊಡ್ಡ ಕುಳ ಒಬ್ಬ ಮುನಿಸಿಕೊಂಡು ಎದ್ದು ಹೋದರೆ ಸಣ್ಣ ಬ್ಯಾಂಕು ಅಲ್ಲಾಡಿಹೋಗುತ್ತದೆ. ಎರಡಾಣೆಯ ಎರಡು ಸಾವಿರ ಮಂದಿ ಒಂದೇ ದಿನ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಅದನ್ನು ಮೊದಲು ಕೇಳಿಸಿಕೊಳ್ಳುವವನು ಏಜೆಂಟ್. ಮಾರನೆಯ ದಿನವೂ ಅವನು ಅದೇ ಬಾಗಿಲಿಗೆ ಹೋಗಲೇಬೇಕಲ್ಲ.

ಉಳಿತಾಯಕ್ಕೆ ಆಗ ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆ 1882ರಿಂದಲೇ ಇತ್ತು. ಚೀಟಿ ಇತ್ತು, ಚಿನ್ನವಿತ್ತು, ಅಕ್ಕಿ ಮುಡಿಯ ಅಡಿಯ ಗಂಟೂ ಇತ್ತು. ಆದರೆ ಅಂಚೆ ಕಚೇರಿಗೆ ನಾವು ಹೋಗಬೇಕು, ಅರ್ಜಿ ತುಂಬಬೇಕು, ಅಲ್ಲಿ ಕೂತವರ ಮುಂದೆ ಎರಡಾಣೆ ಇಡಲು ನಾಚಿಕೆ ಪಡಬೇಕು. ಬ್ಯಾಂಕಿನ ಮೆಟ್ಟಿಲು ಹತ್ತುವುದಂತೂ ದೂರದ ಮಾತು. ಪಿಗ್ಮಿಯ ಹೊಸತನವಿದ್ದದ್ದು ಬಡ್ಡಿಯಲ್ಲಲ್ಲ, ನಡೆಯುವವರು ಯಾರು ಎಂಬುದರಲ್ಲಿ. ಗ್ರಾಹಕ ನಡೆಯಬೇಕಾದ ದೂರವನ್ನು ಬ್ಯಾಂಕು ತನ್ನ ಮೇಲೆ ಹಾಕಿಕೊಂಡಿತು. ಸರಿಯಾಗಿ ಹೇಳಬೇಕೆಂದರೆ, ತನ್ನ ಮೇಲಲ್ಲ, ಏಜೆಂಟನ ಮೇಲೆ.

ಕೆಲಸ ನಡೆಯುತ್ತಿದ್ದ ರೀತಿ ಸರಳ. ಏಜೆಂಟ್ ಆ ಊರಿನವನೇ. ಅವನ ಅಪ್ಪ ಅಮ್ಮ ಯಾರೆಂದು ಎಲ್ಲರಿಗೂ ಗೊತ್ತು. ಕೈಯಲ್ಲೊಂದು ಚೀಲ, ಒಂದು ಪಟ್ಟಿ. ಗ್ರಾಹಕನ ಬಳಿ ಒಂದು ಕಾರ್ಡು. ಹಣ ತೆಗೆದುಕೊಂಡರೆ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು, ತನ್ನ ಪಟ್ಟಿಯಲ್ಲೂ ಬರೆಯಬೇಕು, ಶಾಖೆಯಲ್ಲಿ ಹಣ ಕಟ್ಟಿದಾಗ ಲೆಡ್ಜರಿಗೂ ಅದೇ ಅಂಕಿ ಹೋಗಬೇಕು. ಮೂರರಲ್ಲಿ ಒಂದು ತಪ್ಪಿದರೆ ಗೊತ್ತಾಗುತ್ತದೆ. ಅಕ್ಷರ ಬಾರದ ಗ್ರಾಹಕಿಗೆ ಕಾರ್ಡಿನ ಅಂಕಿ ಓದಲು ಬಾರದಿದ್ದರೂ ಮನೆಯಲ್ಲಿ ಶಾಲೆಗೆ ಹೋಗುವ ಒಂದು ಮಗುವಾದರೂ ಇರುತ್ತಿತ್ತು. ಏಜೆಂಟನಿಗೆ ಸಂಬಳವಿಲ್ಲ; ಸಂಗ್ರಹಿಸಿದ ಹಣದ ಮೇಲೆ ಶೇಕಡಾ ಇಷ್ಟು ಎಂದು ಕಮಿಷನ್. ಜನ ಕೊಟ್ಟರೆ ಅವನಿಗುಂಟು, ಕೊಡದಿದ್ದರೆ ಇಲ್ಲ.

ಒಂದು ಮನೆಗೆ ಮೂರು ನಿಮಿಷ ಎಂದರೂ ನೂರು ಮನೆಗೆ ಐದು ಗಂಟೆ. ನಡುವಿನ ಗದ್ದೆ ಹುಣಿ, ತೋಡು, ಸಂಕ, ದಣಪೆ ದಾಟುವ ಹೊತ್ತು ಬೇರೆ. ಆಷಾಢದ ಮಳೆಯಲ್ಲಿ ಕಾರ್ಡು ಒದ್ದೆಯಾಗದಂತೆ ಹಿಡಿದು ಬರೆಯುವುದನ್ನು ಕಲ್ಪಿಸಿಕೊಳ್ಳಿ. ಮೂರು ನಿಮಿಷದಲ್ಲಿ ಅವನು ಹಣ ಎಣಿಸುವುದಷ್ಟೇ ಅಲ್ಲ, ಮನೆಯ ಸಮಾಚಾರವನ್ನೂ ತಿಳಿಯುತ್ತಾನೆ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರು ಹೊಸ ಎಮ್ಮೆ ತಂದರು, ಯಾವ ಅಂಗಡಿಯಲ್ಲಿ ಎರಡು ವಾರದಿಂದ ಗಿರಾಕಿ ಕಡಿಮೆ, ಯಾರ ಮಗ ಮುಂಬಯಿಯಿಂದ ಮನಿಯಾರ್ಡರ್ ಕಳಿಸುವುದನ್ನು ನಿಲ್ಲಿಸಿದ. ಇವತ್ತು ನಮ್ಮ ಕಂಪನಿಗಳು ಗ್ರಾಹಕರ ಮಾಹಿತಿಗೆಂದು ಕೋಟಿಗಟ್ಟಲೆ ಖರ್ಚು ಮಾಡಿ ತಂತ್ರಾಂಶ ಕೊಳ್ಳುತ್ತವೆ. ಆ ಬ್ಯಾಂಕಿನ ಮ್ಯಾನೇಜರನಿಗೆ ಅದೆಲ್ಲ ಸಂಜೆಯ ಹೊತ್ತು ಕೌಂಟರಿನ ಪಕ್ಕದಲ್ಲಿ, ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿತ್ತು. ಸಾಲ ಕೇಳಿ ಬಂದ ಸಣ್ಣ ವ್ಯಾಪಾರಿಯ ಬಳಿ ಅಡವಿಡಲು ಏನೂ ಇಲ್ಲದಿದ್ದರೂ, ಅವನು ಒಂದು ವರ್ಷ ದಿನ ತಪ್ಪದೆ ಎಷ್ಟು ಕಟ್ಟಿದ ಎಂಬುದಕ್ಕೆ ಕಾರ್ಡೇ ಸಾಕ್ಷಿ.

ನಮ್ಮ ಮನೆ ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ. ಎಂಬತ್ತರ ದಶಕದಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ಸಂಜೆ ನಾಲ್ಕೂವರೆಗೆ ಪಿಗ್ಮಿಯವರು ಸೈಕಲ್ಲಿನಲ್ಲಿ ಬರುತ್ತಿದ್ದರು. ಅಜ್ಜಿಯ ಕಾರ್ಡು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟದ್ದು. "ಎಷ್ಟು ಬರೆಯುದು ಅಮ್ಮ ಇವತ್ತು?" ಎಂದರೆ "ನಿನ್ನೆದೂ ಸೇರಿಸಿ ನಾಲ್ಕು ಬರಿ ಮಾರಾಯ, ಮೊನ್ನೆದು ಕೇಳ್ಬೇಡ" ಎನ್ನುತ್ತಿದ್ದರು. ಅವರು ಹಿಂದಿನ ಬಾಗಿಲಿಗೇ ಬರುತ್ತಿದ್ದರು, ಜಗಲಿಗಲ್ಲ. ಜಗಲಿಯಲ್ಲಿ ಅಜ್ಜ ಕೂತಿರುತ್ತಿದ್ದರಲ್ಲ! ಮಜ್ಜಿಗೆ ಮಾರಿದ್ದು, ತೆಂಗಿನ ಹೆಡೆ ಹೆಣೆದು ಮಾರಿದ್ದು, ಪೊರಕೆ ಕಡ್ಡಿಯದು, ಈ ದುಡ್ಡಿನ ಲೆಕ್ಕ ಅಜ್ಜನಿಗೆ ಗೊತ್ತಿಲ್ಲ ಎಂದು ಅಜ್ಜಿ ನಂಬಿದ್ದರು. ಅಜ್ಜನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವಷ್ಟು ಒಳ್ಳೆಯವರು ಅವರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರಿನಲ್ಲಿ ಇದ್ದ ಮೊದಲ ಕಾಗದ ಪತ್ರ ಪಿಗ್ಮಿ ಕಾರ್ಡೇ ಆಗಿದ್ದಿರಬೇಕು ಎಂದು ನನ್ನ ಊಹೆ.

ಬ್ಯಾಂಕು ಬೆಳೆದ ಮುಂದಿನ ಹಾದಿಯನ್ನು ಬೇಗ ಹೇಳಿಬಿಡುತ್ತೇನೆ. 1937ರಲ್ಲಿ ಅದಕ್ಕೆ ಮುಂಬಯಿಯ ಕ್ಲಿಯರಿಂಗ್ ಹೌಸಿನ ಸದಸ್ಯತ್ವ ಸಿಕ್ಕಿತು. ಮರುವರ್ಷ ತಿರುವಾಂಕೂರ್ ನ್ಯಾಶನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿ ದಕ್ಷಿಣ ಭಾರತದ ತುಂಬ ಬ್ಯಾಂಕುಗಳ ಬಗ್ಗೆ ಜನ ಹೆದರಿದರು. ಆ ಹೆದರಿಕೆಯ ಕಾಲದಲ್ಲಿ ನಿತ್ಯ ಮನೆಗೆ ಬರುವ ಪರಿಚಯದ ಮುಖ ಎಷ್ಟು ಕೆಲಸ ಮಾಡಿರಬಹುದು ಎಂಬುದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರುವುದಿಲ್ಲ. 1946ರಲ್ಲಿ ಒಂದೇ ದಿನ 29 ಗ್ರಾಮೀಣ ಶಾಖೆಗಳನ್ನು ತೆರೆದರು. ಒಂದೇ ದಿನ ಇಪ್ಪತ್ತೊಂಬತ್ತು! ನಾವು ಎರಡು ಊರಿನಲ್ಲಿ ಒಟ್ಟಿಗೆ ಒಂದು ತಂತ್ರಾಂಶ ಶುರು ಮಾಡುವುದಕ್ಕೆ ಮೂರು ತಿಂಗಳು ಸಭೆ ನಡೆಸುತ್ತೇವೆ. ಟೆಲಿಫೋನು ಇಲ್ಲದ ಹಳ್ಳಿಗಳಲ್ಲಿ ಅದು ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದರೆ ನನಗೆ ಹೊಳೆಯುವ ಉತ್ತರ ಒಂದೇ: ಬ್ಯಾಂಕಿಗೆ ಅಷ್ಟು ಹೊತ್ತಿಗೆ ಹಳ್ಳಿಗಳು ಗೊತ್ತಿದ್ದವು. ಹದಿನೆಂಟು ವರ್ಷ ಪಿಗ್ಮಿ ಚೀಲ ಓಡಾಡಿದ ಜಿಲ್ಲೆಯಲ್ಲಿ ಯಾವ ಊರಿನಲ್ಲಿ ಶಾಖೆ ಹಾಕಿದರೆ ನಡೆಯುತ್ತದೆ ಎಂದು ತಿಳಿಯಲು ಸಮೀಕ್ಷೆ ಬೇಕಿರಲಿಲ್ಲ.

1953ರಲ್ಲಿ ಎರಡು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 1957ರಲ್ಲಿ ದಶಮಾಂಶ ನಾಣ್ಯ ಬಂದು ಎರಡಾಣೆ ಹನ್ನೆರಡು ನಯಾ ಪೈಸೆಯಾಯಿತು. ಉಳಿದ ಅರ್ಧ ಪೈಸೆಗಾಗಿ ಎಷ್ಟು ಬಾಗಿಲುಗಳಲ್ಲಿ ಎಷ್ಟು ಚರ್ಚೆ ನಡೆದಿರಬಹುದೋ. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮ್ಯಾನೇಜರಿನಿಂದ ಹಿಡಿದು ಎಲ್ಲರೂ ಮಹಿಳೆಯರೇ ಇರುವ ಶಾಖೆ ಶುರುವಾಯಿತು, ಉದ್ಘಾಟಿಸಿದವರು ಮೊರಾರ್ಜಿ ದೇಸಾಯಿ. 1964ರಲ್ಲಿ ಉದ್ದನೆಯ ಹೆಸರನ್ನು ಮೊಟಕು ಮಾಡಿ ಸಿಂಡಿಕೇಟ್ ಬ್ಯಾಂಕ್ ಎಂದಿಟ್ಟುಕೊಂಡು ಮಣಿಪಾಲದಲ್ಲಿ ನೆಲೆಯಾಯಿತು. ರಾಷ್ಟ್ರೀಕರಣದ ನಂತರ, 1975ರ ಅಕ್ಟೋಬರ್ 2ರಂದು, ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹುಟ್ಟಿದಾಗ ಅದರ ಪ್ರಾಯೋಜಕತ್ವ ವಹಿಸಿದ್ದು ಇದೇ ಬ್ಯಾಂಕ್. ಅದರ ಹೆಸರು ಪ್ರಥಮಾ ಬ್ಯಾಂಕ್. ದಿನವಹಿ ಠೇವಣಿಯ ಈ ಉಪಾಯವನ್ನು ಬೇರೆ ಬ್ಯಾಂಕುಗಳೂ ಬೇರೆ ಬೇರೆ ಹೆಸರಿನಲ್ಲಿ ಎತ್ತಿಕೊಂಡವು. ಎಲ್ಲ ಕಡೆ ಚೀಲ ಹಿಡಿದವರು ಹುಟ್ಟಿಕೊಂಡರು.

ಇಲ್ಲಿಯವರೆಗಿನ ಕಥೆಯನ್ನು ಸ್ಮರಣ ಸಂಚಿಕೆಗಳಲ್ಲೂ ಓದಬಹುದು. ಅಲ್ಲಿ ಸಿಗದ ಕಥೆ ಶುರುವಾಗುವುದು ಇನ್ನು ಮುಂದೆ.

ಬ್ಯಾಂಕು ಬೆಳೆಯಿತು. ಗುಮಾಸ್ತರಿಗೆ ಸಂಬಳ, ತುಟ್ಟಿಭತ್ಯೆ, ರಜೆ, ಪ್ರಾವಿಡೆಂಟ್ ಫಂಡು ಬಂದವು, ಅವರ ಸಂಘಗಳು ಬಲವಾದವು. ಏಜೆಂಟ್ ಮಾತ್ರ ಕಮಿಷನ್ನಿನ ಮೇಲೆಯೇ ಉಳಿದ. ಜ್ವರ ಬಂದು ಒಂದು ವಾರ ಮಲಗಿದರೆ ಒಂದು ವಾರದ ಗಳಿಕೆ ಇಲ್ಲ. ಇಪ್ಪತ್ತೈದು ವರ್ಷ ನಡೆದು ಕಾಲು ಸೋತರೆ ಕೈಯಲ್ಲಿ ಏನೂ ಇಲ್ಲ. ಊರಿನ ಕಣ್ಣಿನಲ್ಲಿ ಬ್ಯಾಂಕು ಎಂದರೆ ಅವನೇ. ಬ್ಯಾಂಕಿನ ಪುಸ್ತಕದಲ್ಲಿ ಅವನು ಬ್ಯಾಂಕಿನವನಲ್ಲ. ಹಣ ಕಳೆದರೆ, ತಪ್ಪಿದರೆ ಜವಾಬ್ದಾರಿ ಅವನದು.

1980ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಈ ಠೇವಣಿ ಸಂಗ್ರಾಹಕರ ಬೇಡಿಕೆಯ ವ್ಯಾಜ್ಯವನ್ನು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿತು. ಸಿಂಡಿಕೇಟ್ ಬ್ಯಾಂಕೊಂದೇ ಅಲ್ಲ, ಇಂಥ ಯೋಜನೆಗಳಿದ್ದ ಇತರ ಬ್ಯಾಂಕುಗಳೂ ಇದರಲ್ಲಿ ಸೇರಿದ್ದವು. ಪ್ರಶ್ನೆ ಇಷ್ಟು: ಇವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೋ, ಅಲ್ಲ ಸ್ವತಂತ್ರ ಏಜೆಂಟರೋ? ಬ್ಯಾಂಕುಗಳ ವಾದ ಕೇಳಿದರೆ ಅದರಲ್ಲಿ ತರ್ಕವಿಲ್ಲ ಎನ್ನಲಾಗದು. ಇವರಿಗೆ ವಯಸ್ಸಿನ ಕಟ್ಟಿಲ್ಲ, ಓದಿನ ಕಟ್ಟಿಲ್ಲ, ಇಷ್ಟು ಹೊತ್ತಿಗೆ ಬಾ, ಇಷ್ಟು ಹೊತ್ತಿಗೆ ಹೋಗು ಎಂದು ಹೇಳಿಲ್ಲ. ಬೇರೆ ಕೆಲಸ ಮಾಡಿಕೊಳ್ಳಬಹುದು. ಸಂಬಳ ಕೊಡುತ್ತಿಲ್ಲ, ಕಮಿಷನ್ ಕೊಡುತ್ತಿದ್ದೇವೆ. ಹಾಗಿರುವಾಗ ಇವರು ನಮ್ಮ ನೌಕರರು ಹೇಗಾದರು?

ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 1988ರ ಡಿಸೆಂಬರಿನಲ್ಲಿ. ಸಂಗ್ರಾಹಕರು ಕೆಲಸಗಾರರೇ ಎಂದಿತು. ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಕ್ಕೆ 750 ರೂಪಾಯಿ ನಿಗದಿತ ವೇತನ, ಅದಕ್ಕೆ ಮೇಲ್ಪಟ್ಟ ಸಂಗ್ರಹಕ್ಕೆ ಶೇಕಡಾ 2ರಷ್ಟು ಕಮಿಷನ್, ಸಂಗ್ರಹದ ಮಟ್ಟ ನೋಡಿ 50 ಅಥವಾ 100 ರೂಪಾಯಿ ಓಡಾಟದ ಭತ್ಯೆ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಕಮಿಷನ್ನಿನಷ್ಟು ಗ್ರಾಚ್ಯುಯಿಟಿ ಕೊಡಬೇಕೆಂದಿತು. 7,500 ಎಂಬ ಅಂಕಿ ಮೇಲೆ ನನ್ನ ಲೆಕ್ಕದಲ್ಲಿ ಬಂದದ್ದು ಕಾಕತಾಳೀಯ. ಆದರೆ ಇಪ್ಪತ್ತು ಮಂದಿ ಸೇರಿ ತರುತ್ತಿದ್ದಷ್ಟನ್ನು ಈಗ ಒಬ್ಬನೇ ತರಬೇಕೆಂಬುದು ಕನಿಷ್ಠ ಮಟ್ಟವಾಗಿತ್ತು ಎಂಬುದರಲ್ಲಿ ಅರುವತ್ತು ವರ್ಷಗಳ ರೂಪಾಯಿಯ ಕಥೆಯೂ ಇದೆ. ಬ್ಯಾಂಕುಗಳು ಒಪ್ಪಲಿಲ್ಲ. ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ಕಮಿಷನ್ ಎಂದು ಕರೆದರೂ ಅದು ವೇತನವೇ, ಸಂಗ್ರಾಹಕರು ಕೆಲಸಗಾರರೇ.

1980ರಿಂದ 2001, ಇಪ್ಪತ್ತೊಂದು ವರ್ಷ. ವ್ಯಾಜ್ಯ ಶುರುವಾದಾಗ ನಲವತ್ತರ ಹರೆಯದಲ್ಲಿದ್ದ ಏಜೆಂಟ್ ತೀರ್ಪು ಬಂದಾಗ ಅರುವತ್ತು ದಾಟಿದ್ದ. ಅಜ್ಜಿಯ ಕಾರ್ಡಿಗೆ ಸಹಿ ಹಾಕುತ್ತಿದ್ದವರು ಆ ಹೊತ್ತಿಗೆ ಸೈಕಲ್ಲು ಬಿಟ್ಟಿದ್ದರು. ಅವರ ದೃಷ್ಟಿಯಲ್ಲಿ ಇದನ್ನು ಗೆಲುವು ಎಂದು ಕರೆಯುವುದೋ ಏನೋ, ನನಗೆ ಹೇಳಲು ಬಾಯಿ ಬರುವುದಿಲ್ಲ.

ಈಗ ನನ್ನ ಕಸುಬಿನ ಕಣ್ಣಿನಿಂದ ಒಂದು ಮಾತು. ಪುಣೆಯಲ್ಲಿ ನಾನು ಕೆಲಸ ಮಾಡಿದ ಒಂದು ಕಡೆ ಕೊರಳಿನ ಐಡಿ ಕಾರ್ಡಿನ ದಾರ ಎರಡು ಬಣ್ಣದ್ದಿತ್ತು. ನಮ್ಮದು ನೀಲಿ, ಗುತ್ತಿಗೆಯವರದು ಹಳದಿ. ರಾತ್ರಿ ಎರಡು ಗಂಟೆಗೆ ಗ್ರಾಹಕನ ಫೋನ್ ಎತ್ತುವವರಲ್ಲಿ ಮುಕ್ಕಾಲು ಪಾಲು ಹಳದಿ. ಗ್ರಾಹಕನಿಗೆ ಬಣ್ಣ ಕಾಣುವುದಿಲ್ಲ, ಅವನ ಪಾಲಿಗೆ ಕಂಪನಿಯ ದನಿ ಅದೇ. ವರ್ಷದ ಕೊನೆಯ ಊಟಕ್ಕೆ ಮಾತ್ರ ನೀಲಿಯವರಿಗಷ್ಟೇ ಆಮಂತ್ರಣ. ಹಾಗಾಗಿ ಹೈದರಾಬಾದಿನ ನ್ಯಾಯಮಂಡಳಿಯ ಮುಂದೆ ಬ್ಯಾಂಕುಗಳು ಇಟ್ಟ ವಾದವನ್ನು ಓದುವಾಗ ನನಗೆ ಹೊಸತೇನೂ ಓದಿದ ಹಾಗೆ ಅನಿಸಲಿಲ್ಲ. ಬೇರೆ ಬೇರೆ ಇಂಗ್ಲಿಷಿನಲ್ಲಿ ಅದನ್ನೇ ನಾನು ಎಷ್ಟೋ ಒಪ್ಪಂದ ಪತ್ರಗಳಲ್ಲಿ ಓದಿದ್ದೇನೆ.

ಆದರೂ 1928ರ ಪೈಗಳನ್ನು ಇದಕ್ಕಾಗಿ ಬೈಯಲು ನನಗೆ ಮನಸ್ಸಿಲ್ಲ. ಮತ್ತೆ ಲೆಕ್ಕಕ್ಕೆ ಬನ್ನಿ. ನೂರು ಮನೆಯ ಏಜೆಂಟ್ ತಿಂಗಳಿಗೆ ತರುವುದು 375 ರೂಪಾಯಿ. ಶೇಕಡಾ ಮೂರರ ಕಮಿಷನ್ ಎಂದು ಹಿಡಿದರೆ ಅವನಿಗೆ ಸಿಗುವುದು 11 ರೂಪಾಯಿ 4 ಆಣೆ. ಆ 375 ಬ್ಯಾಂಕಿನ ಲಾಭವಲ್ಲ, ಬಡ್ಡಿ ಸೇರಿಸಿ ವಾಪಸು ಕೊಡಬೇಕಾದ ಸಾಲ. ಅದನ್ನು ಬೇರೆಯವರಿಗೆ ಸಾಲ ಕೊಟ್ಟು ಬಂದ ಬಡ್ಡಿಯಲ್ಲಿ ಠೇವಣಿದಾರನ ಬಡ್ಡಿ, ಏಜೆಂಟನ ಕಮಿಷನ್, ಕಚೇರಿಯ ಬಾಡಿಗೆ, ವಸೂಲಾಗದ ಸಾಲ ಎಲ್ಲವೂ ಹೋಗಬೇಕು. ಅಲ್ಲಿ ನಿಗದಿತ ಸಂಬಳದ ಇಪ್ಪತ್ತು ನೌಕರರನ್ನು ಇಟ್ಟಿದ್ದರೆ ಬ್ಯಾಂಕು ಎರಡನೇ ಮಳೆಗಾಲ ಕಾಣುತ್ತಿರಲಿಲ್ಲ, ಎರಡಾಣೆಯ ಠೇವಣಿ ಎಂಬುದೂ ಹುಟ್ಟುತ್ತಿರಲಿಲ್ಲ. ಅರೆಹೊತ್ತಿನ ಕೆಲಸವಾಗಿ, ಗದ್ದೆ ಅಂಗಡಿಯ ಜತೆಗೆ ಮಾಡಿಕೊಳ್ಳುವ ಗಳಿಕೆಯಾಗಿ ಅದು ಆಗ ನ್ಯಾಯವಾಗಿಯೇ ಇತ್ತು.

ನನ್ನ ತಕರಾರು ಇರುವುದು ನಡುವಿನ ವರ್ಷಗಳ ಬಗ್ಗೆ. 1946ರಲ್ಲಿ ಒಂದೇ ದಿನ 29 ಶಾಖೆ ತೆರೆಯುವ ಶಕ್ತಿ ಬಂದಾಗ, ಅಥವಾ 1964ರಲ್ಲಿ ಹೆಸರು ಬದಲಿಸುವಾಗ, ಅಥವಾ 1969ರಲ್ಲಿ ಜನರ ಬ್ಯಾಂಕು ಎಂದು ಸರಕಾರವೇ ಎತ್ತಿಕೊಂಡಾಗ, ಯಾರಾದರೊಬ್ಬರು ಆ ಹಳೆಯ ಒಪ್ಪಂದವನ್ನು ತೆಗೆದು ಇನ್ನೊಮ್ಮೆ ಓದಬಹುದಿತ್ತು. ಅರೆಹೊತ್ತಿನ ಕೆಲಸ ಎಷ್ಟೋ ಮಂದಿಗೆ ಪೂರ್ತಿ ಹೊತ್ತಿನ ಬದುಕಾಗಿತ್ತು. ಕಡಿಮೆ ಬಂಡವಾಳದ ಕಾಲದಲ್ಲಿ ಅನಿವಾರ್ಯವಾಗಿ ಮಾಡಿಕೊಂಡ ಏರ್ಪಾಡು, ಬಂಡವಾಳ ಬಂದ ಮೇಲೂ ಅನಿವಾರ್ಯ ಎಂಬ ಹಾಗೆಯೇ ಮುಂದುವರಿಯಿತು. ಖಾಸಗಿ ಮಾಲೀಕರ ಕಾಲದಲ್ಲೂ ಮುಂದುವರಿಯಿತು, ಸರಕಾರದ ಕಾಲದಲ್ಲೂ ಮುಂದುವರಿಯಿತು. ಮಾಲೀಕ ಬದಲಾದರೆ ಏಜೆಂಟನ ಬದುಕು ಬದಲಾಗುತ್ತದೆ ಎಂದು 1969ರಲ್ಲಿ ನಂಬಿದವರಿಗೆ ಮುಂದಿನ ಮೂವತ್ತೆರಡು ವರ್ಷ ಉತ್ತರ ಹೇಳಿತು. ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ಒಯ್ದದ್ದು ರಾಷ್ಟ್ರೀಕೃತ ಬ್ಯಾಂಕುಗಳ ಕಾಲದಲ್ಲಿಯೇ ಎಂಬುದನ್ನು ಗಮನಿಸಬೇಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಬ್ಯಾಂಕು ದೊಡ್ಡದಾದಂತೆ ಪಿಗ್ಮಿಯ ಹಣ ಅದಕ್ಕೆ ಚಿಕ್ಕದಾಗುತ್ತ ಹೋಯಿತು. ಕಂಪನಿಗಳ ಠೇವಣಿ, ಸರಕಾರಿ ಖಾತೆ, ಸಂಬಳದ ಖಾತೆಗಳ ಎದುರಿಗೆ ಎರಡು ರೂಪಾಯಿ ಐದು ರೂಪಾಯಿ ಎಣಿಸುವ ಖರ್ಚೇ ಹೆಚ್ಚು ಎಂದು ಕಾಣತೊಡಗಿತು. ಬೇರು ಹಿಡಿಸಿದ ಕೆಲಸ ಮರ ದೊಡ್ಡದಾದ ಮೇಲೆ ಹೊರೆಯಂತೆ ಕಾಣುವುದನ್ನು ನಾನು ಸಣ್ಣ ಸಣ್ಣ ಕಂಪನಿಗಳಲ್ಲೂ ನೋಡಿದ್ದೇನೆ. ಮೊದಲ ಹತ್ತು ಗ್ರಾಹಕರ ಫೋನನ್ನು ಹಗಲು ರಾತ್ರಿ ಎತ್ತಿದ ಹುಡುಗನೇ, ಸಾವಿರ ಗ್ರಾಹಕರಾದ ಮೇಲೆ 'ಖರ್ಚಿನ ಕೇಂದ್ರ' ಎಂಬ ಕಾಲಮ್ಮಿಗೆ ಬೀಳುತ್ತಾನೆ.

2006ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಹಳ್ಳಿಗಳಿಗೆ ಬ್ಯಾಂಕು ತಲುಪಬೇಕಾದರೆ ಎಲ್ಲ ಕಡೆ ಶಾಖೆ ತೆರೆಯಲಾಗದು, ಆದ್ದರಿಂದ ಮಧ್ಯವರ್ತಿಗಳನ್ನು ಬಿಸಿನೆಸ್ ಕರೆಸ್ಪಾಂಡೆಂಟ್ ಆಗಿ ಹಿಡಿಯಬಹುದು, ಅವರಿಗೆ ಕಮಿಷನ್ ಕೊಡಬಹುದು ಎಂದು. ದೆಹಲಿಯಲ್ಲಿ, ಮುಂಬಯಿಯಲ್ಲಿ ಅದನ್ನು ಹೊಸ ಆಲೋಚನೆ ಎಂದು ಸ್ವಾಗತಿಸಿದರು. ಉಡುಪಿಯ ಯಾವುದಾದರೂ ಹಳೆಯ ಏಜೆಂಟ್ ಪತ್ರಿಕೆಯಲ್ಲಿ ಅದನ್ನು ಓದಿದ್ದರೆ ನಕ್ಕಿರಬೇಕು. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆಗಿನ್ನೂ ಐದು ವರ್ಷವಾಗಿತ್ತು. ಇಂದು ಬ್ಯಾಂಕ್ ಮಿತ್ರ ಎಂದು ಕರೆಸಿಕೊಳ್ಳುವವರು ಸಣ್ಣ ಯಂತ್ರವೊಂದನ್ನು ಹಿಡಿದು ಹಳ್ಳಿಯಲ್ಲಿ ಪಿಂಚಣಿ ಹಂಚುತ್ತಾರೆ, ಬೆರಳಚ್ಚು ಒತ್ತಿಸಿಕೊಳ್ಳುತ್ತಾರೆ. ಅವರಿಗೂ ಕಮಿಷನ್ನೇ.

ನಮ್ಮ ಹೊರನಾಡಿನ ಕನ್ನಡಿಗರ ಸಂಘಗಳಲ್ಲಿ ಹೋಟೆಲ್ ಕಟ್ಟಿದವರನ್ನು, ಬ್ಯಾಂಕು ಕಟ್ಟಿದವರನ್ನು ನೆನೆಯುವ ಒಳ್ಳೆಯ ರೂಢಿಯಿದೆ. ಮಾಟುಂಗದ ಸಭೆಗಳಲ್ಲಾಗಲಿ, ಇಲ್ಲಿ ಪುಣೆಯಲ್ಲಾಗಲಿ ಸ್ಥಾಪಕರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಬೀಳಲಿ. ಚೀಲ ಹೊತ್ತವರ ಭಾವಚಿತ್ರ ನಾನು ಎಲ್ಲೂ ಕಂಡಿಲ್ಲ. ಅವರ ಬರಹ ಮಾತ್ರ ಸಾವಿರಾರು ಮನೆಗಳಲ್ಲಿ ಇದ್ದೀತು. ಹಳೆಯ ಟ್ರಂಕು, ಮೇಜಿನ ಖಾನೆ, ದೇವರ ಕೋಣೆಯ ಗೂಡು ಹುಡುಕಿದರೆ ದಿನಾಂಕ, ಮೊತ್ತ, ಚಿಕ್ಕದೊಂದು ಸಹಿ ಇರುವ ಕಾರ್ಡು ಸಿಗಬಹುದು. ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜತೆಗೆ ಮನೆಯ ಹಿರಿಯರನ್ನು ಕೂರಿಸಿ, ಆ ಸಹಿ ಯಾರದು, ಅವರ ಮನೆ ಎಲ್ಲಿತ್ತು, ಮಳೆಗಾಲದಲ್ಲಿ ಹೇಗೆ ಬರುತ್ತಿದ್ದರು ಎಂದು ಕೇಳಿ ಬರೆದಿಡಿ. ಈ ಭಾಗದ ಇತಿಹಾಸ ಬ್ಯಾಂಕಿನ ದಾಖಲೆಗಳಿಗಿಂತ ಹೆಚ್ಚಾಗಿ ಅಂಥ ಮಾತುಗಳಲ್ಲೇ ಉಳಿದಿರುವಂತೆ ಕಾಣುತ್ತದೆ.

2020ರ ಏಪ್ರಿಲ್ 1ರಂದು, ದೇಶವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿ ಕೂತಿದ್ದಾಗ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಹಾಜಿ ಅಬ್ದುಲ್ಲಾರ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಗಿತ್ತು. ಫಲಕಗಳನ್ನು ಇಳಿಸಿದರು. ಪಿಗ್ಮಿ ಮಾತ್ರ ನಿಂತಿಲ್ಲ. ನಮ್ಮೂರಿನ ಕಡೆಯ ಸಹಕಾರಿ ಸೊಸೈಟಿಗಳ ಏಜೆಂಟರು ಈಗಲೂ ಸಂಜೆ ಹೊತ್ತು ಅಂಗಡಿ ಬೀದಿಯಲ್ಲಿ ಹೊರಡುತ್ತಾರೆ. ಸೈಕಲ್ಲಿನ ಬದಲು ಸ್ಕೂಟರು, ಕಾರ್ಡಿನ ಬದಲು ಕೈಯಗಲದ ಯಂತ್ರ. ಅದು ಕರ್ ಕರ್ ಎಂದು ಒಂದು ಚೀಟಿ ಉಗುಳುತ್ತದೆ. ಫೋನಿನಲ್ಲೇ ಹಣ ಹಾಕಬಹುದಲ್ಲ ಎಂದು ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಬ್ಬ ಅಂಗಡಿಯವರನ್ನು ಕೇಳಿದೆ. "ಫೋನು ನೆನಪು ಮಾಡ್ತದೆ, ಆದ್ರೆ ಎದುರು ಬಂದು ನಿಲ್ಲುದಿಲ್ಲ ಅಲ್ವಾ" ಎಂದು ಹೇಳಿ ಗಲ್ಲಾ ಪೆಟ್ಟಿಗೆಯಿಂದ ನೂರರ ನೋಟು ತೆಗೆದು, ಸ್ಕೂಟರಿನಿಂದ ಇಳಿಯದೆ ಕೈಚಾಚಿದ್ದ ಹುಡುಗಿಯ ಕೈಗೆ ಕೊಟ್ಟರು. ಅವಳು ಬಿ.ಕಾಂ. ಓದಿದವಳಂತೆ. ದಿನಕ್ಕೆ ನೂರಾ ನಲವತ್ತು ಅಂಗಡಿ ಸುತ್ತುತ್ತಾಳಂತೆ. ಸಂಬಳವೋ ಕಮಿಷನ್ನೋ ಎಂದು ಕೇಳಿದೆ. ಮಳೆ ಮೋಡ ಕಟ್ಟಿತ್ತು, ಅವಳಿಗೆ ಅವಸರವಿತ್ತು. "ಕಮಿಷನ್ ಸರ್" ಎಂದು ಹೇಳಿ ಮುಂದಿನ ಅಂಗಡಿಗೆ ಹೋದಳು.